ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರುಗಳು: ತುಕ್ಕು ನೋಡಿ ಬೆಲೆ ಕಟ್ಟು

ಜಪಾನಿನ ಕಂಪನಿಗಳು ಸ್ಪೋರ್ಟ್ಸ್ ಕಾರುಗಳ ತಯಾರಿಕೆಗೆ ಗಟ್ಟಿಯಾಗಿ ಕೈಹಾಕಿದ್ದು 1960ರ ದಶಕದಲ್ಲಿ. 1963ರಲ್ಲಿ ಹೋಂಡಾದ ಪುಟ್ಟ ಎಸ್500 ಬಂತು. 1967ರಲ್ಲಿ ಟೊಯೋಟಾ 2000ಜಿಟಿ ಮತ್ತು ಮಾಜ್ದಾ ಕಾಸ್ಮೊ ಸ್ಪೋರ್ಟ್, 1969ರಲ್ಲಿ ನಿಸ್ಸಾನ್‌ನ ಸ್ಕೈಲೈನ್ ಜಿಟಿ-ಆರ್ ಹಾಗೂ ಫೇರ್‌ಲೇಡಿ ಝಡ್ ರಸ್ತೆಗಿಳಿದವು. ಹಳೆಯ ಕಾರುಗಳ ಸಂಗ್ರಾಹಕರು ಬಹುಕಾಲ ಇವುಗಳತ್ತ ತಿರುಗಿಯೂ ನೋಡಲಿಲ್ಲ. ಸಂಗ್ರಹಕ್ಕೆ ಯೋಗ್ಯವಾದುದೆಂದರೆ ಇಟಲಿಯ ಫೆರಾರಿ, ಜರ್ಮನಿಯ ಪೋರ್ಷೆ, ಇಂಗ್ಲೆಂಡಿನ ಜಾಗ್ವಾರ್. ಜಪಾನಿನ ಕಾರು ಕೊಂಡು ಓಡಿಸಿ ಗುಜರಿಗೆ ಹಾಕುವ ವಸ್ತು ಎಂಬ ಎಣಿಕೆ ಗಟ್ಟಿಯಾಗಿತ್ತು. ಹೀಗೆ ನಿರ್ಲಕ್ಷ್ಯಕ್ಕೆ ಸಿಕ್ಕು ಉಳಿದ ಕಾರುಗಳು ಈಗ ಹರಾಜಿನಲ್ಲಿ ಲಕ್ಷಗಟ್ಟಲೆ ಡಾಲರ್ ಮುಟ್ಟುತ್ತಿವೆ. ಆದರೆ ಒಂದೇ ಮಾದರಿಯ, ಒಂದೇ ವರ್ಷದ ಎರಡು ಕಾರುಗಳ ಬೆಲೆಯಲ್ಲಿ ಹತ್ತು ಪಟ್ಟು ವ್ಯತ್ಯಾಸವೂ ಇರಬಹುದು. ಆ ವ್ಯತ್ಯಾಸಕ್ಕೆ ಕಾರಣ ಸಾಮಾನ್ಯವಾಗಿ ಎಂಜಿನ್ ಅಲ್ಲ, ತಗಡು ಮತ್ತು ಕಾಗದಪತ್ರ.

ಈ ಲೋಕವನ್ನು ಅರಿಯಲು ಫೇರ್‌ಲೇಡಿ ಝಡ್‌ನಿಂದ ಶುರುಮಾಡುವುದು ಸುಲಭ. ಅಮೆರಿಕದಲ್ಲಿ ಅದರ ಹೆಸರು ಡಾಟ್ಸನ್ 240ಝಡ್. ಅಲ್ಲಿ ನಿಸ್ಸಾನ್ ವ್ಯವಹಾರ ನೋಡಿಕೊಳ್ಳುತ್ತಿದ್ದ ಯುಟಾಕಾ ಕಟಯಾಮಾ ಅವರಿಗೆ ‘ಫೇರ್‌ಲೇಡಿ’ ಎಂಬ ಹೆಸರು ಅಮೆರಿಕದ ಗಂಡಸರಿಗೆ ರುಚಿಸದು ಎನಿಸಿತ್ತು. ಯೋಶಿಹಿಕೊ ಮಾತ್ಸುವೊ ಅವರ ತಂಡ ರೂಪಿಸಿದ ಈ ಕಾರಿಗೆ ಉದ್ದನೆಯ ಬಾನೆಟ್, ಇಳಿಜಾರು ಬೆನ್ನು, 2,393 ಸಿಸಿಯ ಆರು ಸಿಲಿಂಡರಿನ ಎಂಜಿನ್. ಬೆಲೆ ಸುಮಾರು 3,500 ಡಾಲರ್. ಅಷ್ಟು ಹಣಕ್ಕೆ ಅಷ್ಟು ವೇಗ, ಅಷ್ಟು ಅಂದ ಯುರೋಪಿನ ಯಾವ ಕಾರಿನಲ್ಲೂ ಸಿಗುತ್ತಿರಲಿಲ್ಲ. 1978ರವರೆಗೆ 240, 260, 280 ಎಂದು ಬೆಳೆದ ಈ ಸರಣಿಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಪೂರ್ವ ಆಫ್ರಿಕಾದ ಕೆಸರು ದಾರಿಯ ಸಫಾರಿ ರ‍್ಯಾಲಿಯನ್ನು ಈ ಕಾರು 1971 ಮತ್ತು 1973ರಲ್ಲಿ ಗೆದ್ದಿತು. ಎರಡನೆಯ ಸಲ ಅದನ್ನು ಓಡಿಸಿದವರು ಉಗಾಂಡಾದಲ್ಲಿ ಹುಟ್ಟಿದ ಭಾರತೀಯ ಮೂಲದ ಶೇಖರ್ ಮೆಹ್ತಾ. ಮುಂದೆ ಅವರು ಆ ರ‍್ಯಾಲಿಯನ್ನು ಇನ್ನೂ ನಾಲ್ಕು ಬಾರಿ ಗೆದ್ದರು. ಕಾರು ಗಟ್ಟಿಮುಟ್ಟು ಎಂಬ ಹೆಸರು ಬಂದದ್ದು ಇಂಥ ಗೆಲುವುಗಳಿಂದ. ಅದರ ಎಂಜಿನ್‌ಗೆ ಆ ಹೆಸರು ಸಲ್ಲುತ್ತದೆ, ತಗಡಿಗೆ ಸಲ್ಲುವುದಿಲ್ಲ.

ಝಡ್‌ನಂತೆ ರಾಶಿ ರಾಶಿ ತಯಾರಾಗದ ಕಾರುಗಳ ಲೆಕ್ಕ ಬೇರೆ. ಯಾಮಾಹಾ ಜೊತೆ ಸೇರಿ ಟೊಯೋಟಾ ಕಟ್ಟಿದ 2000ಜಿಟಿಗಳ ಸಂಖ್ಯೆ 350ರ ಆಸುಪಾಸು. 1967ರ ಜೇಮ್ಸ್ ಬಾಂಡ್ ಚಿತ್ರದಲ್ಲಿ ಕಾಣಿಸಿಕೊಂಡ ಈ ಕಾರಿನ ಡ್ಯಾಶ್‌ಬೋರ್ಡಿನ ಮರದ ಹಲಗೆಗೆ ಯಾಮಾಹಾದ ಸಂಗೀತವಾದ್ಯ ವಿಭಾಗದ ಕೈಚಳಕ ಸಂದಿದೆ. ಎರಡು ರೋಟರಿನ ವಾಂಕೆಲ್ ಎಂಜಿನ್ನಿನ ಕಾಸ್ಮೊ 1,200ಕ್ಕೂ ಕಡಿಮೆ ತಯಾರಾಯಿತು. ಅಭಿಮಾನಿಗಳು ‘ಹಾಕೊಸುಕಾ’ ಎಂದು ಕರೆಯುವ ಮೊದಲ ಸ್ಕೈಲೈನ್ ಜಿಟಿ-ಆರ್‌ನಲ್ಲಿ ರೇಸ್ ಕಾರಿನ ರಕ್ತವಿದ್ದ 24 ವಾಲ್ವ್‌ಗಳ ಎಂಜಿನ್ ಇತ್ತು. 1973ರ ಎರಡನೆಯ ಜಿಟಿ-ಆರ್ 197ಕ್ಕೇ ನಿಂತಿತು. ತೈಲ ಬಿಕ್ಕಟ್ಟು ಮತ್ತು ಹೊಗೆ ನಿಯಮಗಳು ಇಂಥ ಕಾರುಗಳ ಕಾಲವನ್ನೇ ಮುಗಿಸಿದವು. ಜಿಟಿ-ಆರ್ ಹೆಸರು ಮರಳಿ ಬರಲು 1989 ಬೇಕಾಯಿತು.

ಆ ಮರಳಿಕೆಯಿಂದ ಎರಡನೆಯ ತಲೆಮಾರು ತೊಡಗುತ್ತದೆ. ಆರ್32, ಆರ್33, ಆರ್34 ಸ್ಕೈಲೈನ್ ಜಿಟಿ-ಆರ್‌ಗಳು, ಹೋಂಡಾ ಎನ್‌ಎಸ್‌ಎಕ್ಸ್, ಮಾಜ್ದಾ ಆರ್‌ಎಕ್ಸ್-7, ಟೊಯೋಟಾ ಸುಪ್ರಾ ಇವೆಲ್ಲ ಅದಕ್ಕೆ ಸೇರಿದವು. ಸಿನಿಮಾ, ವಿಡಿಯೊ ಗೇಮ್, ಕಾಮಿಕ್ಸ್ ನೋಡಿ ಬೆಳೆದ ಹುಡುಗರು ನಲವತ್ತು ದಾಟಿ ಕೈಯಲ್ಲಿ ದುಡ್ಡು ಕಂಡಾಗ ಇವುಗಳ ಬೆಲೆ ನೆಗೆಯಿತು. 2001ರ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ಚಿತ್ರದಲ್ಲಿ ಬಳಸಿದ ಕಿತ್ತಳೆ ಬಣ್ಣದ ಸುಪ್ರಾ 2021ರಲ್ಲಿ 5,50,000 ಡಾಲರಿಗೆ ಹೋಯಿತು. ಬೆಲೆಯೇರಿಕೆಗೆ ಕಾನೂನಿನ ಕೈಯೂ ಇದೆ. ಅಮೆರಿಕದ ಸುರಕ್ಷತಾ ಮಾನದಂಡಕ್ಕೆ ಹೊಂದದ ವಿದೇಶಿ ಕಾರನ್ನು, ತಯಾರಾಗಿ 25 ವರ್ಷ ತುಂಬಿದ ಮೇಲಷ್ಟೇ ಅಲ್ಲಿಗೆ ಸಲೀಸಾಗಿ ತರಬಹುದು. ಅದರಂತೆ ಆರ್32ಕ್ಕೆ 2014ರಲ್ಲಿ, ಆರ್34ಕ್ಕೆ 2024ರಲ್ಲಿ ಬಾಗಿಲು ತೆರೆಯಿತು. ಬಾಗಿಲು ತೆರೆಯುವ ದಿನವನ್ನು ವ್ಯಾಪಾರಿಗಳು ಮೊದಲೇ ಲೆಕ್ಕ ಹಾಕಿಟ್ಟಿರುವುದರಿಂದ, ಜಪಾನಿನಲ್ಲಿ ಬೆಲೆ ಅದಕ್ಕೂ ವರ್ಷಗಳ ಮುಂಚೆಯೇ ಏರಿರುತ್ತದೆ.

ಕೊಳ್ಳುವವರು ಮೊದಲು ಹುಡುಕಬೇಕಾದದ್ದು ತುಕ್ಕು. 1970ರ ದಶಕದ ಜಪಾನಿ ಕಾರುಗಳ ತಗಡು ತೆಳು, ತುಕ್ಕು ತಡೆಯುವ ಲೇಪ ಅತ್ಯಲ್ಪ. 240ಝಡ್‌ನಲ್ಲಿ ಕೊಳೆ ಹಿಡಿಯುವ ಜಾಗಗಳು ಪರಿಣತರಿಗೆ ಬಾಯಿಪಾಠ. ಆಸಿಡ್ ಸೋರಿ ಬ್ಯಾಟರಿ ಕೂರುವ ತಟ್ಟೆ ತಿಂದುಹೋಗುತ್ತದೆ. ಅಲ್ಲಿಂದ ಇಳಿದದ್ದು ಕೆಳಗಿನ ಚಾಸಿಸ್ ಹಳಿಯನ್ನೂ ತಿನ್ನುತ್ತದೆ. ವಿಂಡ್‌ಸ್ಕ್ರೀನ್ ಕೆಳಗಿನ ಗಾಳಿತೂಬಿನಲ್ಲಿ ಎಲೆ, ಮಣ್ಣು ಕೂತು ನೀರು ಹೊರಹೋಗದೆ ಒಳಗಿನಿಂದಲೇ ತುಕ್ಕು ಹಬ್ಬುತ್ತದೆ. ಬಾಗಿಲಿನ ಕೆಳಗಿನ ಪಟ್ಟಿ, ಹಿಂಬದಿ ಚಕ್ರದ ಮುಂದಿನ ಮೂಲೆ, ಸ್ಟೆಪ್ನಿ ಇಡುವ ಗುಂಡಿ, ಹಿಂಬಾಗಿಲಿನ ಕೆಳ ಅಂಚು, ಕಾಲಿಡುವ ನೆಲ, ಇಷ್ಟನ್ನೂ ಕಾರನ್ನು ಲಿಫ್ಟ್ ಮೇಲೇರಿಸಿ, ಕಾರ್ಪೆಟ್ ಎತ್ತಿ ನೋಡಬೇಕು. ಬಣ್ಣದ ಅಡಿಯಲ್ಲಿ ಪುಟ್ಟಿ ಮೆತ್ತಿದ್ದಾರೆಯೇ ಎಂದು ತಿಳಿಯಲು ಒಂದು ಅಯಸ್ಕಾಂತ ಸಾಕು. ತಗಡಿದ್ದಲ್ಲಿ ಅದು ಅಂಟುತ್ತದೆ, ದಪ್ಪ ಪುಟ್ಟಿಯ ಮೇಲೆ ಜಾರುತ್ತದೆ. ಹೊಸದಾಗಿ ಬಳಿದ ಕಪ್ಪು ಅಂಡರ್‌ಕೋಟಿಂಗ್ ಕಂಡರೆ ಅನುಮಾನ ಪಡುವುದೇ ಲೇಸು.

ಕಾರು ಬಾಳಿದ ಊರಿನ ಹವೆಯೂ ಮುಖ್ಯ. ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ಸೀಮೆಗಳಲ್ಲಿ ಓಡಿದ ಕಾರುಗಳಲ್ಲಿ ಗಟ್ಟಿ ತಗಡು ಉಳಿದಿರುವುದು ಅಪರೂಪ. ಅಮೆರಿಕದ ಆರಿಜೋನಾ, ಕ್ಯಾಲಿಫೋರ್ನಿಯಾಗಳ ಒಣ ಹವೆಯ ಕಾರುಗಳಿಗೆ ಈ ಕಾರಣಕ್ಕೇ ಬೇಡಿಕೆ. ಅಲ್ಲಿ ಬಿಸಿಲು ಬೇರೆ ಬಗೆಯಲ್ಲಿ ಹಾಳುಮಾಡುತ್ತದೆ: ಡ್ಯಾಶ್‌ಬೋರ್ಡ್ ಬಿರಿಯುತ್ತದೆ, ರಬ್ಬರ್ ಬೀಡಿಂಗ್ ಪುಡಿಯಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಬಿರಿದ ಡ್ಯಾಶ್‌ಬೋರ್ಡೇ ವಾಸಿ. ರಬ್ಬರ್ ಬದಲಾಯಿಸಲು ಹಣ ಸಾಕು, ಕೊಳೆತ ಚಾಸಿಸ್ ಹಳಿಗೆ ಹಣದ ಜೊತೆ ಅಪರೂಪದ ಕೈಯೂ ಬೇಕು.

ತೊಂಬತ್ತರ ದಶಕದ ಕಾರುಗಳ ತಗಡು ಇದಕ್ಕಿಂತ ಉತ್ತಮ, ಆದರೂ ತುಕ್ಕಿನ ಕಾಟದಿಂದ ಅವು ಪೂರ್ತಿ ಪಾರಾಗಿಲ್ಲ. ಸ್ಕೈಲೈನ್‌ಗಳಲ್ಲಿ ಹಿಂಬದಿ ಚಕ್ರದ ಕಮಾನು ಮತ್ತು ಸಸ್ಪೆನ್ಷನ್ನಿನ ಮೇಲ್ತುದಿ ಕೂರುವ ಗೋಪುರಗಳನ್ನು ತಪ್ಪದೆ ನೋಡಬೇಕು. ಎನ್‌ಎಸ್‌ಎಕ್ಸ್‌ನ ದೇಹ ಅಲ್ಯೂಮಿನಿಯಂ, ಅದಕ್ಕೆ ಕಬ್ಬಿಣದ ತುಕ್ಕಿನ ಹೆದರಿಕೆಯಿಲ್ಲ. ಆದರೆ ಅಪಘಾತವಾಗಿದ್ದರೆ ಮಾಮೂಲಿ ಟಿಂಕರಿಂಗ್ ಅಂಗಡಿಯಲ್ಲಿ ಅದನ್ನು ನೇರ ಮಾಡಲಾಗದು. ಅಲ್ಯೂಮಿನಿಯಂ ವೆಲ್ಡಿಂಗ್‌ನಲ್ಲಿ ಪಳಗಿದವರೇ ಬೇಕು. ಹಾಗಾಗಿ ಅಲ್ಲಿ ತುಕ್ಕಿಗೆ ಬದಲು ಅಪಘಾತದ ಚರಿತ್ರೆ ಕೆದಕುವುದು ರೂಢಿ.

ಎಂಜಿನ್‌ಗಳ ವಿಷಯದಲ್ಲಿ ಝಡ್‌ನ ಎಲ್ ಸರಣಿಯದು ಸರಳ. ಎರಕದ ಕಬ್ಬಿಣದ ಬ್ಲಾಕ್, ಚೈನಿನಿಂದ ಓಡುವ ಒಂದೇ ಕ್ಯಾಮ್‌ಶಾಫ್ಟ್. ಬೋರ್ ಮಾಡಿಸಿ, ಪಿಸ್ಟನ್, ರಿಂಗ್, ಬೇರಿಂಗ್ ಹಾಕಿದರೆ ಮತ್ತೆ ಓಡುತ್ತದೆ. ಹೊಗೆ ನಿಯಮಕ್ಕಾಗಿ 1973ರ ಕಾರುಗಳಿಗೆ ಕೂರಿಸಿದ ಚಪ್ಪಟೆ ತಲೆಯ ಕಾರ್ಬ್ಯುರೇಟರ್‌ಗಳು ಕಿರಿಕಿರಿಯವು, ಹಲವು ಮಾಲೀಕರು ಅವನ್ನು ಕಿತ್ತು ಹಿಂದಿನ ಗುಂಡು ತಲೆಯವನ್ನೇ ಹಾಕಿಸಿಕೊಂಡಿದ್ದಾರೆ. ಹೋಂಡಾ ಎಸ್800ರ ಎಂಜಿನ್ ಇದಕ್ಕೆ ತದ್ವಿರುದ್ಧ. 791 ಸಿಸಿಯ ಆ ಪುಟ್ಟ ಯಂತ್ರ 8,000 ಆರ್‌ಪಿಎಂನಲ್ಲಿ ತನ್ನ ಪೂರ್ಣ ಶಕ್ತಿ ಕೊಡುತ್ತದೆ. ಅದರ ಕ್ರ್ಯಾಂಕ್‌ಶಾಫ್ಟ್ ಮೋಟಾರ್ ಸೈಕಲ್ಲಿನ ಮಾದರಿಯಲ್ಲಿ ರೋಲರ್ ಬೇರಿಂಗ್‌ಗಳ ಮೇಲೆ ತಿರುಗುವುದರಿಂದ ರಿಪೇರಿ ಎಲ್ಲರ ಕೈಗೆ ನಿಲುಕುವಂಥದ್ದಲ್ಲ. ಮಾಜ್ದಾದ ರೋಟರಿ ಎಂಜಿನ್‌ನಲ್ಲಿ ಪಿಸ್ಟನ್ನೇ ಇಲ್ಲ. ತ್ರಿಕೋನಾಕಾರದ ರೋಟರಿನ ತುದಿಗಳಲ್ಲಿರುವ ಸೀಲ್‌ಗಳು ಸವೆದರೆ ಕಂಪ್ರೆಷನ್ ಕುಸಿಯುತ್ತದೆ. ಪ್ರತಿ ರೋಟರಿನ ಮೂರು ಮುಖಗಳನ್ನೂ ಬೇರೆಬೇರೆಯಾಗಿ ಅಳೆಯುವ ವಿಶೇಷ ಮೀಟರ್ ಇಲ್ಲದೆ, ಬರಿ ಸದ್ದು ಕೇಳಿ ಆರ್‌ಎಕ್ಸ್-7 ಕೊಳ್ಳುವುದು ಜೂಜು. ಆರ್32ರ ಮೊದಲ ವರ್ಷಗಳ ಎಂಜಿನ್‌ನಲ್ಲಿ ಆಯಿಲ್ ಪಂಪನ್ನು ಓಡಿಸುವ ಕ್ರ್ಯಾಂಕಿನ ತುದಿಯ ಹಿಡಿತ ತೀರ ಕಡಿಮೆ. ಜೋರಾಗಿ ಓಡಿಸಿದ ಕಾರುಗಳಲ್ಲಿ ಅದು ಕೈಕೊಟ್ಟದ್ದುಂಟು.

ಕಾರು ನಿಜಕ್ಕೂ ತಾನು ಹೇಳಿಕೊಳ್ಳುವ ಕಾರೇ ಹೌದೇ? ದುಬಾರಿ ಮಾದರಿಗಳಲ್ಲಿ ತುಕ್ಕಿಗಿಂತಲೂ ದೊಡ್ಡ ಪ್ರಶ್ನೆ ಇದು. ಮಾಮೂಲಿ ಸ್ಕೈಲೈನಿಗೆ ಜಿಟಿ-ಆರ್‌ನ ಗ್ರಿಲ್, ಬ್ಯಾಡ್ಜ್, ಚಕ್ರದ ಕಮಾನು ಕೂರಿಸುವುದು ಕಷ್ಟವಲ್ಲ. ಜಪಾನಿನಲ್ಲಿ ಅಭಿಮಾನಿಗಳು ಮುಚ್ಚುಮರೆಯಿಲ್ಲದೆ ಹೀಗೆ ಮಾಡಿಕೊಂಡ ಕಾರುಗಳು ಬೇಕಾದಷ್ಟಿವೆ. ಅವು ಕೈಯಿಂದ ಕೈಗೆ ದಾಟುವಾಗ ‘ಮಾಡಿಕೊಂಡದ್ದು’ ಎಂಬ ಮಾತು ಎಲ್ಲೋ ಒಂದು ಕಡೆ ಬಿಟ್ಟುಹೋಗುತ್ತದೆ. ಚಾಸಿಸ್ ನಂಬರಿನ ಮುಂಭಾಗದ ಅಕ್ಷರಗಳು ಮಾತ್ರ ಸುಲಭಕ್ಕೆ ಸುಳ್ಳು ಹೇಳುವುದಿಲ್ಲ. ಎರಡು ಬಾಗಿಲಿನ ಅಸಲಿ ಹಾಕೊಸುಕಾ ಜಿಟಿ-ಆರ್‌ನಲ್ಲಿ ಅದು ಕೆಪಿಜಿಸಿ10, ಮಾಮೂಲಿ ಜಿಟಿಯಲ್ಲಿ ಕೆಜಿಸಿ10. ನಡುವಿನ ಒಂದು ‘ಪಿ’ ಬೆಲೆಯನ್ನೇ ಬೇರೆ ಮಟ್ಟಕ್ಕೆ ಒಯ್ಯುತ್ತದೆ. ಆರ್32 ಜಿಟಿ-ಆರ್ ಬಿಎನ್‌ಆರ್32 ಎಂದು ಶುರುವಾದರೆ, ಅದೇ ರೂಪದ ಅಗ್ಗದ ಸೋದರ ಎಚ್‌ಸಿಆರ್32 ಎಂದು. ಅಮೆರಿಕದಲ್ಲಿ ಮಾರಾಟವಾದ 240ಝಡ್‌ನ ನಂಬರುಗಳು ಎಚ್‌ಎಲ್‌ಎಸ್30 ಎಂದು ತೊಡಗುತ್ತವೆ. ಎಂಜಿನ್ ಹಿಂದಿನ ಗೋಡೆಯ ಮೇಲೆ ಕೊರೆದ ಸಂಖ್ಯೆ, ಡ್ಯಾಶ್‌ಬೋರ್ಡಿನ ಪಟ್ಟಿಯ ಸಂಖ್ಯೆ, ಬಾನೆಟ್ ಅಡಿಯ ಫಲಕದಲ್ಲಿ ಬರೆದ ಎಂಜಿನ್ ನಂಬರು ಮತ್ತು ಬ್ಲಾಕಿನ ಮೇಲಿರುವ ನಂಬರು ಒಂದಕ್ಕೊಂದು ತಾಳೆಯಾದರೆ ಕಾರಿಗೆ ‘ಮ್ಯಾಚಿಂಗ್ ನಂಬರ್ಸ್’ ಎಂಬ ಪಟ್ಟ. ಕೊರೆದ ಸಂಖ್ಯೆಯ ಸುತ್ತ ಹೊಸ ವೆಲ್ಡಿಂಗ್ ಗುರುತು ಕಂಡರೆ ಚೌಕಾಸಿಗೆ ಕೂರದೆ ಎದ್ದುಬರುವುದು ವಾಸಿ.

ಜಪಾನಿನಿಂದ ನೇರ ತರಿಸುವವರು ಎದುರಿಸುವುದು ವ್ಯಾಪಾರಿಗಳ ಹರಾಜು ಕಟ್ಟೆಗಳನ್ನು. ಅಲ್ಲಿ ಪ್ರತಿ ಕಾರಿಗೂ ಪರೀಕ್ಷಕರು ಬರೆದ ಒಂದು ಹಾಳೆ ಇರುತ್ತದೆ. ಒಟ್ಟಾರೆ ದರ್ಜೆ 5, 4.5, 4, 3.5 ಹೀಗೆ ಇಳಿಯುತ್ತದೆ. ‘ಆರ್’ ಎಂದಿದ್ದರೆ ಅಪಘಾತವಾಗಿ ದುರಸ್ತಿಯಾದದ್ದು. ಕಾರಿನ ನಕ್ಷೆಯ ಮೇಲೆ ‘ಎ’ ಎಂದರೆ ಗೀರು, ‘ಯು’ ನೆಗ್ಗು, ‘ಡಬ್ಲ್ಯು’ ರಿಪೇರಿಯ ಅಲೆ, ‘ಎಸ್’ ತುಕ್ಕು, ‘ಎಕ್ಸ್‌ಎಕ್ಸ್’ ಬದಲಾಯಿಸಿದ ಭಾಗ. ಅಕ್ಷರದ ಪಕ್ಕದ ಅಂಕೆ ಹೆಚ್ಚಾದಷ್ಟೂ ಹಾನಿ ಹೆಚ್ಚು. ಪರೀಕ್ಷಕರಿಗೆ ಒಂದು ಕಾರಿಗೆ ಸಿಗುವ ಸಮಯ ಕಡಿಮೆ, ಕಾರ್ಪೆಟ್ ಎತ್ತಿ ನೋಡುವುದು ಅವರ ಕೆಲಸವೂ ಅಲ್ಲ. ಹೀಗಾಗಿ ನಾಲ್ಕು ದಶಕ ಹಳೆಯ ಕಾರಿಗೆ ಈ ಹಾಳೆಯೊಂದನ್ನೇ ನೆಚ್ಚುವಂತಿಲ್ಲ. ಹಳೆಯ ಕಾರುಗಳು ಜಪಾನಿನಿಂದ ಹೊರಬರುವುದಕ್ಕೂ ಕಾರಣವಿದೆ. ಅಲ್ಲಿ ‘ಶಾಕೆನ್’ ಎಂಬ ತಪಾಸಣೆಯನ್ನು ಎರಡು ವರ್ಷಕ್ಕೊಮ್ಮೆ ದುಬಾರಿ ಖರ್ಚಿನಲ್ಲಿ ಮಾಡಿಸಬೇಕು. 13 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ವಾರ್ಷಿಕ ತೆರಿಗೆ ಏರುತ್ತದೆ. ಅಷ್ಟು ಖರ್ಚು ಮಾಡಿ ಪಡೆದ ಶಾಕೆನ್‌ನ ಹಳೆಯ ಪತ್ರಗಳನ್ನು ಅಲ್ಲಿನ ಮಾಲೀಕರು ಜೋಪಾನ ಮಾಡಿಟ್ಟಿರುತ್ತಾರೆ, ಮತ್ತು ಆ ಕಟ್ಟು ಕೊಳ್ಳುವವರಿಗೆ ಒಳ್ಳೆಯ ಸಾಕ್ಷಿ. ಎಷ್ಟು ದೂರ ಓಡಿದೆ ಎಂಬ ಅಂಕಿ ಸರ್ವಿಸ್ ಪುಸ್ತಕದಲ್ಲಿ, ಪತ್ರಗಳಲ್ಲಿ ವರ್ಷದಿಂದ ವರ್ಷಕ್ಕೆ ಏರುತ್ತ ಬಂದಿದ್ದರೆ ಮೀಟರನ್ನು ನಂಬಬಹುದು.

ಬೆಲೆ ಕಟ್ಟುವಾಗ ಪಾಶ್ಚಾತ್ಯ ಮಾರುಕಟ್ಟೆ ಸ್ಥಿತಿಯನ್ನು ನಾಲ್ಕು ದರ್ಜೆಯಲ್ಲಿ ಅಳೆಯುತ್ತದೆ. ಪ್ರದರ್ಶನದಲ್ಲಿ ಬಹುಮಾನ ಪಡೆಯಬಲ್ಲದ್ದು ಮೊದಲನೆಯದು. ಓಡುತ್ತದೆ ಆದರೆ ಕೊರತೆಗಳು ಕಣ್ಣಿಗೆ ಕಾಣುತ್ತವೆ ಎಂಬುದು ನಾಲ್ಕನೆಯದು. ಹೆಚ್ಚಿನ ಕಾರುಗಳು ಬೀಳುವುದು ಮೂರರಲ್ಲಿ, ಮಾಲೀಕರೆಲ್ಲ ಅಂದುಕೊಳ್ಳುವುದು ಎರಡು ಎಂದು. ಎರಡನೆಯದರಿಂದ ಮೊದಲಿನದಕ್ಕೆ ಹೋಗುವ ಒಂದು ಮೆಟ್ಟಿಲಲ್ಲಿ ಬೆಲೆ ಎಷ್ಟೋ ಸಲ ದುಪ್ಪಟ್ಟಾಗುತ್ತದೆ. 2020ರ ಜನವರಿಯಲ್ಲಿ ಅಮೆರಿಕದ ಆನ್‌ಲೈನ್ ಹರಾಜೊಂದರಲ್ಲಿ 1971ರ ಒಂದು 240ಝಡ್ 3,10,000 ಡಾಲರಿಗೆ ಮಾರಾಟವಾಯಿತು. ಅದು ಅತಿ ಕಡಿಮೆ ಓಡಿದ, ಮೂಲ ಸ್ಥಿತಿಯಲ್ಲೇ ಉಳಿದ ಕಾರು. ಆ ಸುದ್ದಿ ಹಬ್ಬಿದ ಮೇಲೆ ಶೆಡ್ಡುಗಳಲ್ಲಿ ಕೊಳೆಯುತ್ತಿದ್ದ ಝಡ್‌ಗಳಿಗೂ ಮಾಲೀಕರು ಕನಸಿನ ಬೆಲೆ ಹೇಳತೊಡಗಿದರು. ಒಂದು ದಾಖಲೆ ಮಾರಾಟ ಉಳಿದ ಕಾರುಗಳ ಬೆಲೆಯನ್ನು ಹೇಳುವುದಿಲ್ಲ. ಸಾಮಾನ್ಯ ಸ್ಥಿತಿಯ 240ಝಡ್ ಇವತ್ತಿಗೂ ಅದರ ಸಣ್ಣ ಪಾಲಿಗೆ ಸಿಗುತ್ತದೆ. 2000ಜಿಟಿಯಂಥ ವಿರಳ ಕಾರಿನಲ್ಲಿ ಚರಿತ್ರೆಯೂ ಬೆಲೆಯಾಗುತ್ತದೆ. 2013ರಲ್ಲಿ ಒಂದು 2000ಜಿಟಿ ಹತ್ತು ಲಕ್ಷ ಡಾಲರ್ ದಾಟಿ ಸುದ್ದಿಯಾಯಿತು. ಅಮೆರಿಕದ ಕ್ಯಾರೊಲ್ ಶೆಲ್ಬಿ ಅವರ ರೇಸ್ ತಂಡ ಓಡಿಸಿದ್ದ ಇನ್ನೊಂದು 2022ರಲ್ಲಿ 25 ಲಕ್ಷ ಡಾಲರ್ ದಾಟಿತು.

ಮೂಲ ರೂಪವೇ ಚಿನ್ನ ಎಂಬ ನಿಯಮಕ್ಕೆ ಜಪಾನಿ ಕಾರುಗಳಲ್ಲಿ ಒಂದು ವಿನಾಯಿತಿ ಇದೆ. ಈ ಕಾರುಗಳನ್ನು ಕೊಂಡ ದಿನದಿಂದಲೇ ಬದಲಾಯಿಸುವುದು ಅಲ್ಲಿನ ಸಂಸ್ಕೃತಿ. ಹಾಕೊಸುಕಾ ಅಥವಾ ಝಡ್‌ಗೆ ಎಪ್ಪತ್ತರ ದಶಕದ್ದೇ ವಾಟನಾಬೆ ಚಕ್ರ, ಮಿಕುನಿ-ಸೋಲೆಕ್ಸ್ ಕಾರ್ಬ್ಯುರೇಟರ್ ಹಾಕಿದ್ದರೆ ಬೆಲೆ ಕುಗ್ಗದು, ಏರಲೂಬಹುದು. ನಿನ್ನೆ ಮೊನ್ನೆಯ ಟರ್ಬೊ, ಪ್ಲಾಸ್ಟಿಕ್ ರೆಕ್ಕೆ, ಬೇರೆ ಎಂಜಿನ್ ಕೂರಿಸಿದ್ದರೆ ಓಡಿಸುವವನಿಗೆ ಖುಷಿ, ಸಂಗ್ರಾಹಕನಿಗೆ ಬೇಡ. ಬಿಚ್ಚಿದ ಮೂಲ ಭಾಗಗಳು ಪೆಟ್ಟಿಗೆಯಲ್ಲಿ ಕಾರಿನ ಜೊತೆಗೇ ಬರುತ್ತವೆಯೇ ಎಂದು ಕೇಳುವುದು ಮುಖ್ಯ. ಸುಪ್ರಾ, ಆರ್‌ಎಕ್ಸ್-7ಗಳಲ್ಲಿ ಯಾರೂ ಕೈಯಾಡಿಸದ ಕಾರು ಸಿಗುವುದೇ ಕಷ್ಟವಾದ್ದರಿಂದ ಅಂಥದ್ದಕ್ಕೆ ಹೆಚ್ಚುವರಿ ಬೆಲೆ.

ಪುನರುಜ್ಜೀವನದ ಕೆಲಸಕ್ಕೆ ಒಂದು ಕ್ರಮವಿದೆ. ಕ್ರಮ ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕು. ಮೊದಲು ಪ್ರತಿ ಭಾಗದ ಫೋಟೊ. ಬಳಿಕ ಬಿಚ್ಚಿ, ನಟ್ಟು ಬೋಲ್ಟುಗಳನ್ನು ಜಾಗದ ಹೆಸರು ಬರೆದ ಚೀಲಗಳಲ್ಲಿ ಕಟ್ಟಿಡುವುದು. ಆಮೇಲೆ ಬಣ್ಣ ತೆಗೆಯಬೇಕು. ಮರಳು ಚಿಮ್ಮಿಸಿ ಬಣ್ಣ ತೆಗೆದರೆ ಬಾನೆಟ್, ಛಾವಣಿಗಳ ತೆಳು ತಗಡು ಸೊಟ್ಟಗಾಗುತ್ತದೆ, ಅಲ್ಲಿ ಮೆದು ಪುಡಿ ಅಥವಾ ರಾಸಾಯನಿಕವೇ ಸರಿ. ಈ ಹಂತದಲ್ಲಿ ಹಳೆಯ ಪುಟ್ಟಿಯೆಲ್ಲ ಉದುರಿ ಕಾರಿನ ಅಸಲಿ ಸ್ಥಿತಿ ಬಯಲಾಗುತ್ತದೆ. ಅಂದಾಜು ಖರ್ಚು ದುಪ್ಪಟ್ಟಾಗುವುದೂ ಸಾಮಾನ್ಯವಾಗಿ ಇಲ್ಲಿಯೇ. ಕೊಳೆತ ತಗಡನ್ನು ಕತ್ತರಿಸುವ ಮೊದಲು ದೇಹ ಬಾಗದಂತೆ ಬಾಗಿಲಿನ ತೆರಪಿಗೆ ಆಧಾರ ಕೊಟ್ಟು ಬಿಗಿಯಬೇಕು. ಹೊಸ ನೆಲ, ಹಳಿಗಳನ್ನು ವೆಲ್ಡ್ ಮಾಡಿದ ಮೇಲೆ ಬಾಗಿಲು, ಬಾನೆಟ್ಟುಗಳನ್ನು ತಾತ್ಕಾಲಿಕವಾಗಿ ಜೋಡಿಸಿ ಸಂದುಗಳು ಸಮನಾಗಿವೆಯೇ ಎಂದು ನೋಡಿಯೇ ಪ್ರೈಮರ್‌ಗೆ ಹೋಗಬೇಕು. ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲನ್ನು ಈ ತಗಡು-ಬಣ್ಣದ ಕೂಲಿಯೇ ನುಂಗುತ್ತದೆ. ಕಾರ್ಖಾನೆಯ ಬಣ್ಣಕ್ಕೆ ಕೋಡ್ ಇರುತ್ತದೆ. 240ಝಡ್‌ನ ಹೆಸರಾಂತ ಕಿತ್ತಳೆ 918. ಮೂಲ ಕೋಡ್ ಬಿಟ್ಟು ಮನಸ್ಸಿಗೆ ಬಂದ ಬಣ್ಣ ಹೊಡೆಸಿದರೆ ಮರುಮಾರಾಟದಲ್ಲಿ ಅದಕ್ಕೆ ದಂಡ ತೆರಬೇಕು. ಜಪಾನಿ ಕಾರುಗಳ ನಟ್ಟು ಬೋಲ್ಟುಗಳಿಗೆ ಹಳದಿ ಹೊಳಪಿನ ಸತುವಿನ ಲೇಪ ಇರುತ್ತಿತ್ತು. ಒಳ್ಳೆಯ ಕೆಲಸಗಾರರು ಹೊಸ ಬೋಲ್ಟ್ ಹಾಕುವುದಿಲ್ಲ, ಹಳೆಯವಕ್ಕೇ ಅದೇ ಲೇಪ ಮತ್ತೆ ಮಾಡಿಸುತ್ತಾರೆ.

ಭಾಗಗಳ ವಿಷಯದಲ್ಲಿ ಕಂಪನಿಗಳು ತಡವಾಗಿಯಾದರೂ ಎಚ್ಚೆತ್ತಿವೆ. ಹೋಂಡಾ 1993ರಿಂದಲೇ ಎನ್‌ಎಸ್‌ಎಕ್ಸ್‌ಗಳನ್ನು ತಾನೇ ಬಿಚ್ಚಿ ಹೊಸತಾಗಿಸಿ ಕೊಡುವ ಯೋಜನೆ ನಡೆಸಿದೆ. 2017ರಲ್ಲಿ ಮಾಜ್ದಾ ತನ್ನ ಮೊದಲ ತಲೆಮಾರಿನ ರೋಡ್‌ಸ್ಟರ್‌ಗಳಿಗೆ ಅಂಥದೇ ಸೇವೆ ಘೋಷಿಸಿತು, ನಿಸ್ಸಾನ್‌ನ ಅಂಗಸಂಸ್ಥೆ ನಿಸ್ಮೊ ಆರ್32 ಜಿಟಿ-ಆರ್‌ನ ಭಾಗಗಳನ್ನು ಮತ್ತೆ ತಯಾರಿಸತೊಡಗಿತು. ಟೊಯೋಟಾ ಸುಪ್ರಾಗಳಿಗೆ, 2000ಜಿಟಿಗೆ, ಆಮೇಲೆ ತನ್ನ ಎಇ86 ಎಂಬ ಹಳೆಯ ಮಾದರಿಗೆ ಭಾಗ ಒದಗಿಸುತ್ತಿದೆ. 240ಝಡ್‌ಗೆ ನೆಲದ ತಗಡು, ಹಳಿ, ರಬ್ಬರ್, ಡ್ಯಾಶ್‌ಬೋರ್ಡ್ ಹೊದಿಕೆಗಳನ್ನು ಹೊರಗಿನ ತಯಾರಕರೇ ಮಾಡುತ್ತಾರೆ. ಐದು ಲಕ್ಷ ಕಾರು ತಯಾರಾದದ್ದರ ಲಾಭ ಇದು. ಕಾಸ್ಮೊದಂಥ ಕಾರಿಗೆ ಒಂದು ದೀಪದ ಗಾಜು ಒಡೆದರೂ ಹುಡುಕಾಟ ದೇಶ ದೇಶ ಸುತ್ತುತ್ತದೆ. ಆದ್ದರಿಂದ ಕೊಳ್ಳುವಾಗಲೇ ಪಟ್ಟಿ, ಲಾಂಛನ, ಗಾಜು, ಸೀಟಿನ ಬಟ್ಟೆಯಂಥ ಸಣ್ಣಪುಟ್ಟವು ಪೂರ್ತಿಯಾಗಿವೆಯೇ ಎಂದು ನೋಡಬೇಕು. ಕೆಟ್ಟ ಎಂಜಿನ್ ಇರುವ ಪೂರ್ಣ ಕಾರು, ಒಳ್ಳೆಯ ಎಂಜಿನ್ ಇರುವ ಅರ್ಧ ಕಾರಿಗಿಂತ ಅಗ್ಗಕ್ಕೆ ಮುಗಿಯುತ್ತದೆ. ಹಾಳಾದ 240ಝಡ್ ಕೊಂಡು ಕೂಲಿ ಕೊಟ್ಟು ಪೂರ್ತಿ ಮಾಡಿಸುವವರಿಗೆ ಸಾಮಾನ್ಯವಾಗಿ ಹಾಕಿದ ದುಡ್ಡು ಮರಳುವುದಿಲ್ಲ. ಬೇರೊಬ್ಬರು ಮುಗಿಸಿದ ಕಾರನ್ನು ಕೊಳ್ಳುವುದೇ ಅಗ್ಗ. ತಾವೇ ಸ್ಪ್ಯಾನರ್ ಹಿಡಿಯುವವರ ಲೆಕ್ಕ ಬೇರೆ.

ಭಾರತದಲ್ಲಿ ಇಂಥ ಕಾರುಗಳು ಬೆರಳೆಣಿಕೆಯಷ್ಟೇ. ಹಳೆಯ ಕಾರು ಆಮದಿನ ನಿಯಮ, ಸುಂಕ ಎರಡೂ ಬಹುಕಾಲ ಬಿಗಿಯಾಗಿದ್ದವು. ಆದರೆ 2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿದ, ಚಾಸಿಸ್, ದೇಹ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಾಗದ ವಾಹನಕ್ಕೆ ‘ವಿಎ’ ಅಕ್ಷರಗಳ ನಂಬರು ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಂಥ ಕೆಲಸಗಳಿಗೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅವಕಾಶವಿಲ್ಲ. ವಯಸ್ಸಿನ ಲೆಕ್ಕದಲ್ಲಿ 240ಝಡ್, ಕಾಸ್ಮೊ, ಎಸ್800 ಮೂರೂ ಈ ಸಾಲಿಗೆ ಬರುತ್ತವೆ. ಝಡ್‌ಗೆ ಸ್ಕೈಲೈನಿನ ಎಂಜಿನ್ ಕೂರಿಸಿದ್ದರೆ ಮಾತ್ರ ಬರುವುದಿಲ್ಲ.